ಸ್ನಾನವೇ ಸಂಕಟವಾದಾಗ

ನಿಮ್ಮ ಮನೆಯಲ್ಲಿ ಹದಿನಾಲ್ಕು ಹದಿನೈದರ ಮಗುವೊಂದಿದೆ ಎಂದಿಟ್ಟುಕೊಳ್ಳಿ. ಮೊದಲೆಲ್ಲ ಬಚ್ಚಲಿಗೆ ಹೋದರೆ ಹಂಡೆಯ ನೀರು ಮುಗಿಯುವವರೆಗೆ ಹೊರಗೆ ಬಾರದಿದ್ದ ಮಗು ಈಗ ಎರಡು ಮೂರು ದಿನಕ್ಕೊಮ್ಮೆಯೂ ಸ್ನಾನಕ್ಕೆ ಏಳುವುದಿಲ್ಲ. ಬೈದು ಕಳುಹಿಸಿದರೆ ತಲೆಗೆ ನಾಲ್ಕು ಚೊಂಬು ಸುರಿದುಕೊಂಡು ಎರಡೇ ನಿಮಿಷದಲ್ಲಿ ಹೊರಗೆ ಬರುತ್ತದೆ. ಒಳಉಡುಪನ್ನು ಒಗೆಯಲು ಹಾಕುವುದಿಲ್ಲ. ತೊಡೆಸಂದು ಕೆರೆದುಕೊಳ್ಳುವುದು ಕಣ್ಣಿಗೆ ಬೀಳುತ್ತದೆ. ಏನಾಯಿತು ಎಂದು ಕೇಳಿದರೆ ಸಿಡುಕಿ ಕೋಣೆಯ ಬಾಗಿಲು ಹಾಕಿಕೊಳ್ಳುತ್ತದೆ. ‘ಗಲೀಜು ಮೈ ಇಟ್ಕೊಂಡು ಓಡಾಡ್ತೀಯಲ್ಲ, ನಾಚಿಕೆ ಆಗಲ್ವಾ?’ ಎಂದು ತಾಯಿ ಗದರುತ್ತಾರೆ.

ಇಂಥ ಮಕ್ಕಳಲ್ಲಿ ಹೆಚ್ಚಿನವರದು ಬರೀ ಹರೆಯದ ಸೋಮಾರಿತನ. ಕೆಲವರದು ಖಿನ್ನತೆ. ಇನ್ನು ಕೆಲವರಲ್ಲಿ, ಸಂಖ್ಯೆಯಲ್ಲಿ ಕಡಿಮೆಯಾದರೂ ನಮ್ಮ ನಡುವೆಯೇ ಇರುವವರಲ್ಲಿ, ಕಾರಣ ಬೇರೆಯೇ ಇರುತ್ತದೆ. ಬಟ್ಟೆ ಬಿಚ್ಚಿದೊಡನೆ ಕಾಣುವ ಮೈ ತನ್ನದಲ್ಲ ಎಂದು ಆ ಮಗುವಿಗೆ ಅನ್ನಿಸುತ್ತಿರುತ್ತದೆ. ಹೆಣ್ಣೆಂದು ಬೆಳೆಸಿದ ಮಗು ಒಳಗೊಳಗೆ ತಾನು ಗಂಡೆಂದು ಬಲ್ಲದು. ಅಥವಾ ಗಂಡೆಂದು ಬೆಳೆಸಿದ ಮಗು ತಾನು ಹೆಣ್ಣೆಂದು ಬಲ್ಲದು. ಮೈಗೂ ಮನಸ್ಸಿಗೂ ಇರುವ ಈ ಹೊಂದಾಣಿಕೆಯ ಕೊರತೆಯಿಂದ ಹುಟ್ಟುವ ಯಾತನೆಗೆ ವೈದ್ಯರು ‘ಜೆಂಡರ್ ಡಿಸ್ಫೋರಿಯಾ’ ಎನ್ನುತ್ತಾರೆ. ಕನ್ನಡದಲ್ಲಿ ಲಿಂಗತ್ವದ ತಳಮಳ ಎನ್ನೋಣ. ಈ ವಾರ ಆ ತಳಮಳದ ಒಂದು ಮೂಲೆಯನ್ನು, ಯಾರೂ ಬಾಯಿಬಿಟ್ಟು ಕೇಳದ ಮೂಲೆಯನ್ನು, ನೋಡೋಣ. ಮುಟ್ಟಲೂ ನೋಡಲೂ ಮನಸ್ಸಾಗದ ಅಂಗವನ್ನು ಶುಚಿಯಾಗಿ ಇಟ್ಟುಕೊಳ್ಳುವುದು ಹೇಗೆ? ಸಂಕೋಚಪಟ್ಟು ಪುಟ ಮಗುಚುವ ಮೊದಲು ಒಮ್ಮೆ ಓದಿ. ನಿಮ್ಮ ಮನೆಗೆ ಬೇಡವಾದರೂ ನಿಮ್ಮ ಬಂಧುಗಳ ಮನೆಗೆ ಬೇಕಾಗಬಹುದು.

ಇದು ಹುಚ್ಚಲ್ಲ

ಮೊದಲು ಒಂದು ತಪ್ಪು ಕಲ್ಪನೆಯನ್ನು ಬದಿಗಿಡಬೇಕು. ವಿಶ್ವ ಆರೋಗ್ಯ ಸಂಸ್ಥೆ ರೋಗಗಳ ತನ್ನ ಹನ್ನೊಂದನೆಯ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಈ ಸ್ಥಿತಿಯನ್ನು ಮಾನಸಿಕ ಕಾಯಿಲೆಗಳ ಅಧ್ಯಾಯದಿಂದ ತೆಗೆದು ಲೈಂಗಿಕ ಆರೋಗ್ಯದ ಅಧ್ಯಾಯಕ್ಕೆ ಸೇರಿಸಿತು. 2019ರಲ್ಲಿ ಒಪ್ಪಿಗೆ ಪಡೆದ ಆ ಪಟ್ಟಿ 2022ರ ಜನವರಿಯಿಂದ ಜಾರಿಯಲ್ಲಿದೆ. ಹೊಡೆದು ಬಡಿದು, ತಾಯಿತ ಕಟ್ಟಿಸಿ, ಮದುವೆ ಮಾಡಿ ‘ಸರಿಪಡಿಸುವ’ ಪ್ರಯತ್ನದಿಂದ ಇದು ಹೋಗುವುದಿಲ್ಲ. ಹಾಗೆ ಬದಲಿಸಿಕೊಡುತ್ತೇನೆಂದು ಯಾವ ವೈದ್ಯರಾದರೂ ಹೇಳಿದರೆ ಅದು ವೃತ್ತಿಯ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ರಾಜ್ಯಗಳ ವೈದ್ಯಕೀಯ ಮಂಡಳಿಗಳಿಗೆ ತಿಳಿಸಿದೆ.

ಬೃಹನ್ನಳೆಯ ಪ್ರಸಂಗವನ್ನು ರಾತ್ರಿಯಿಡೀ ಕುಳಿತು ನೋಡುವ ನಾವು, ಅದೇ ಸಂಗತಿ ನಮ್ಮ ಹಜಾರಕ್ಕೆ ಬಂದಾಗ ಮಗುವನ್ನು ಹೊರಗೆ ಹಾಕುತ್ತೇವೆ. ಬಳ್ಳಾರಿ ಜಿಲ್ಲೆಯಲ್ಲಿ ಹುಟ್ಟಿದ ಮಂಜಮ್ಮ ಜೋಗತಿಯವರು ಹರೆಯದಲ್ಲಿ ಮನೆಯಿಂದ ದೂರವಾಗಿ, ವಿಷ ಕುಡಿದು ಬದುಕುಳಿದ ಸಂಗತಿಯನ್ನು ತಾವೇ ಹಲವು ಕಡೆ ಹೇಳಿಕೊಂಡಿದ್ದಾರೆ. ಅವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಎಲ್ಲರಿಗೂ ಅಷ್ಟು ಗಟ್ಟಿ ಜೀವ ಇರುವುದಿಲ್ಲ.

ಹೇಸಿಗೆಯಲ್ಲ, ಭಯ

ಈ ತಳಮಳ ಇರುವವರು ಸ್ನಾನ ತಪ್ಪಿಸುವುದು ಕೊಳಕು ಇಷ್ಟವೆಂದಲ್ಲ. ಬಚ್ಚಲುಮನೆಯಲ್ಲಿ ಮಾತ್ರ ಮೈ ತಾನೇ ತಾನಾಗಿ ಎದುರಿಗೆ ನಿಲ್ಲುತ್ತದೆ. ಹೊರಗೆ ಸಡಿಲ ಅಂಗಿ ತೊಟ್ಟು ಮರೆಯಬಹುದು, ಅಲ್ಲಿ ಮರೆಯಲಾಗದು. ಆದ್ದರಿಂದ ಅವರು ಆ ಭಾಗವನ್ನು ಬಿಟ್ಟು ಉಳಿದ ಮೈ ತೊಳೆಯುತ್ತಾರೆ. ಬೆವರು, ಸತ್ತ ಚರ್ಮ, ಮೂತ್ರದ ಹನಿ ಮಡಿಕೆಗಳಲ್ಲಿ ಕೂರುತ್ತವೆ; ತುರಿಕೆ, ವಾಸನೆ, ಸೋಂಕು ಬರುತ್ತವೆ. ಸೋಂಕು ಬಂದಾಗ ಆ ಅಂಗದ ಮೇಲಿನ ಜಿಗುಪ್ಸೆ ಇಮ್ಮಡಿಯಾಗುತ್ತದೆ. ಇನ್ನೊಂದು ಗುಂಪಿನವರು ಇದಕ್ಕೆ ತದ್ವಿರುದ್ಧ: ದಿನಕ್ಕೆ ನಾಲ್ಕು ಸಲ ಸೋಪು ಹಚ್ಚಿ ಉಜ್ಜಿ ಉಜ್ಜಿ ಚರ್ಮವನ್ನೇ ಕಿತ್ತುಕೊಳ್ಳುತ್ತಾರೆ. ಎರಡೂ ಒಂದೇ ನೋವಿನ ಎರಡು ಮುಖ.

ಇಲ್ಲಿ ನಮ್ಮ ಹಳೆಯ ಪದ್ಧತಿಯೊಂದು ನೆರವಿಗೆ ಬರುತ್ತದೆ. ಹೊಳೆನರಸೀಪುರದಲ್ಲಿ ಹೇಮಾವತಿಗೆ, ರಾಮನಾಥಪುರದಲ್ಲಿ ಕಾವೇರಿಗೆ ಇಳಿದು ಮೀಯುವವರು ಯಾರೂ ಬೆತ್ತಲೆ ಮೀಯುವುದಿಲ್ಲ. ಹೆಂಗಸರು ಲಂಗವನ್ನು ಎದೆಯವರೆಗೆ ಕಟ್ಟಿಕೊಳ್ಳುತ್ತಾರೆ, ಗಂಡಸರು ಪಂಚೆ ಸುತ್ತಿಕೊಳ್ಳುತ್ತಾರೆ. ಮನೆಯ ಬಚ್ಚಲಲ್ಲೂ ಹಾಗೆಯೇ ಮಾಡಬಹುದು. ತೆಳುವಾದ ಹತ್ತಿಯ ಲುಂಗಿ ಅಥವಾ ಲಂಗ ಸುತ್ತಿಕೊಂಡು, ಅದರೊಳಗಿನಿಂದಲೇ ಒಂದು ಮಗ್ಗು ನೀರು ಹರಿಯಬಿಟ್ಟು ತೊಳೆದುಕೊಂಡರೆ ಕಣ್ಣಿಗೆ ಏನೂ ಕಾಣಬೇಕಿಲ್ಲ. ಬೆರಳು ತಾಗುವುದೇ ಸಂಕಟವಾದರೆ ಮೆದು ಹತ್ತಿ ಬಟ್ಟೆಯ ತುಂಡನ್ನು ಕೈಗೆ ಸುತ್ತಿಕೊಳ್ಳಿ. ಅದನ್ನು ಆ ಕೆಲಸಕ್ಕೆ ಮಾತ್ರ ಇಟ್ಟು ದಿನವೂ ಒಗೆದು ಒಣಗಿಸಬೇಕು. ಸೀರೆ ಚೂರುಗಳು ಇದಕ್ಕೆ ಅಂಗಡಿಯ ಸ್ಪಂಜಿಗಿಂತ ಮೇಲು. ಬಚ್ಚಲಿನ ಕನ್ನಡಿಯ ಮೇಲೆ ಟವೆಲ್ ಹಾಕಿ. ದೀಪ ಮಂದವಾಗಿದ್ದರೂ ಆಗುತ್ತದೆ, ಆದರೆ ಪಾಚಿ ಕಟ್ಟಿದ ನೆಲದ ಮೇಲೆ ಪೂರ್ತಿ ಕತ್ತಲು ಬೇಡ, ಜಾರಿ ಬಿದ್ದೀರಿ. ರೇಡಿಯೋ ಹಾಕಿಕೊಂಡು ಒಂದು ಹಾಡು ಮುಗಿಯುವಷ್ಟರಲ್ಲಿ ಕೆಲಸ ಮುಗಿಸುವುದು ಕೆಲವರಿಗೆ ಒಗ್ಗುತ್ತದೆ. ಇನ್ನು ಕೆಲವರು ಆ ಅಂಗಕ್ಕೆ ತಮ್ಮದೇ ಒಂದು ಹೆಸರು ಇಟ್ಟುಕೊಳ್ಳುತ್ತಾರೆ, ಇದರಿಂದ ಮನಸ್ಸಿನ ಭಾರ ಇಳಿಯುತ್ತದೆ. ನಗಬೇಡಿ.

ದಿನಕ್ಕೊಂದು ಸಲ, ಒಂದು ನಿಮಿಷ, ಉಗುರುಬೆಚ್ಚಗಿನ ನೀರು ಸಾಕು. ಅದೂ ಆಗದ ದಿನ ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿಸಿ, ಒಗೆದ ಒಳಉಡುಪು ಹಾಕಿಕೊಂಡರೂ ನಡೆಯುತ್ತದೆ. ಅರ್ಧ ಸ್ನಾನವೂ ಸ್ನಾನವೇ.

ಗಂಡು ಮನಸ್ಸು, ಹೆಣ್ಣು ದೇಹ

ಹೆಣ್ಣು ದೇಹದಲ್ಲಿ ಹುಟ್ಟಿ ತಾನು ಗಂಡೆಂದು ಬಲ್ಲವರು ತಿಳಿಯಬೇಕಾದ ಒಂದು ಸಮಾಧಾನದ ಸಂಗತಿಯಿದೆ. ಯೋನಿಯ ಒಳಭಾಗವನ್ನು ಯಾರೂ ತೊಳೆಯಬೇಕಿಲ್ಲ. ಅಲ್ಲಿ ಇರುವ ಒಳ್ಳೆಯ ಬ್ಯಾಕ್ಟೀರಿಯಾಗಳು ಆಮ್ಲವನ್ನು ತಯಾರಿಸಿ, ಪಿಎಚ್ 3.8ರಿಂದ 4.5ರ ಆಸುಪಾಸಿನಲ್ಲಿಟ್ಟು ತಾವೇ ಕಾವಲು ಕಾಯುತ್ತವೆ. ಕ್ಷಾರವಾದ ಮೈ ಸೋಪು, ಗಾಯ ತೊಳೆಯುವ ನಂಜುನಿವಾರಕ, ಒಳಕ್ಕೆ ಚಿಮ್ಮಿಸುವ ನೀರು ಇವೆಲ್ಲ ಆ ಕಾವಲನ್ನು ಕೆಡಿಸಿ ಸೋಂಕಿಗೆ ಬಾಗಿಲು ತೆರೆಯುತ್ತವೆ. ಹೊರಭಾಗಕ್ಕೆ ನೀರು ಹರಿದರೆ ಸಾಕು, ಒಳಗೆ ಬೆರಳು ಹಾಕುವ ಪ್ರಶ್ನೆಯೇ ಇಲ್ಲ. ಮಲವಿಸರ್ಜನೆಯ ನಂತರ ಮಾತ್ರ ಮುಂದಿನಿಂದ ಹಿಂದಕ್ಕೆ ತೊಳೆಯಬೇಕು. ಹಿಂದಿನಿಂದ ಮುಂದಕ್ಕೆ ತೊಳೆದರೆ ಗುದದ್ವಾರದ ರೋಗಾಣುಗಳು ಮೂತ್ರದ್ವಾರಕ್ಕೆ ಬರುತ್ತವೆ.

ಕಷ್ಟವಾಗುವುದು ಮುಟ್ಟಿನ ದಿನಗಳಲ್ಲಿ. ತಾನು ಗಂಡೆಂದು ಬಲ್ಲವರಿಗೆ ತಿಂಗಳು ತಿಂಗಳು ಬರುವ ರಕ್ತ ಅವಮಾನದಂತೆ ತೋರುತ್ತದೆ. ಅಂಥವರು ಪ್ಯಾಡ್ ಬದಲಿಸುವುದನ್ನೇ ಮುಂದೂಡಿ, ಬೆಳಗಿನದನ್ನು ರಾತ್ರಿಯವರೆಗೂ ಇಟ್ಟುಕೊಂಡಿರುತ್ತಾರೆ. ನಾಲ್ಕರಿಂದ ಆರು ಗಂಟೆಗೊಮ್ಮೆ ಬದಲಿಸಲೇಬೇಕು. ರೆಕ್ಕೆಯಿರುವ ಪ್ಯಾಡು ಸಡಿಲ ಚಡ್ಡಿಯಲ್ಲಿ ನಿಲ್ಲುವುದಿಲ್ಲ. ಗಂಡಸರ ಬಿಗಿಯಾದ ಹತ್ತಿ ಚಡ್ಡಿಯಲ್ಲಿ ರೆಕ್ಕೆಯಿಲ್ಲದ ಪ್ಯಾಡು ಚೆನ್ನಾಗಿ ಕೂರುತ್ತದೆ. ರಕ್ತ ಹೀರುವ ಪದರವಿರುವ, ನೋಡಲು ಮಾಮೂಲಿ ಚಡ್ಡಿಯಂತೆಯೇ ಇರುವ ಕಪ್ಪು ಒಳಉಡುಪುಗಳೂ ಈಗ ಸಿಗುತ್ತವೆ. ಗಂಡಸರ ಶೌಚಾಲಯದಲ್ಲಿ ಕಸದ ಬುಟ್ಟಿ ಇರುವುದಿಲ್ಲ, ಆದ್ದರಿಂದ ಚೀಲದಲ್ಲಿ ಹಳೆಯ ಪತ್ರಿಕೆಯ ಹಾಳೆ ಮತ್ತು ಒಂದು ಕವರು ಇಟ್ಟುಕೊಂಡಿರಲಿ. ಬಟ್ಟೆ ಬಳಸುವವರಾದರೆ ಒಂದು ಎಚ್ಚರಿಕೆ. ನಾಚಿಕೆಯಿಂದ ಅದನ್ನು ಮಂಚದ ಕೆಳಗೋ ಅಟ್ಟದ ಮೂಲೆಯಲ್ಲೋ ಒಣಗಿಸಿದರೆ ಅದರಲ್ಲಿ ಶಿಲೀಂಧ್ರ ಬೆಳೆಯುತ್ತದೆ. ಅರಕಲಗೂಡು ಕಡೆ ಆಷಾಢದ ಸೋನೆಮಳೆ ಹಿಡಿದರೆ ವಾರಗಟ್ಟಲೆ ಬಿಸಿಲೇ ಇರುವುದಿಲ್ಲ. ಆಗ ಬಿಸಿ ಇಸ್ತ್ರಿ ಆಡಿಸಿ ಪೂರ್ತಿ ಒಣಗಿಸಬೇಕು. ತಾಯಂದಿರೇ, ಹೊರಗಾದ ದಿನ ಮೂಲೆಯಲ್ಲಿ ಕೂರಿಸುವ ಪದ್ಧತಿ ಈ ಮಕ್ಕಳ ಪಾಲಿಗೆ ಊರಿಗೆಲ್ಲ ಡಂಗುರ ಸಾರಿದಂತೆ. ಅದನ್ನು ಬಿಟ್ಟುಬಿಡಿ.

ಮುಟ್ಟನ್ನು ತಡೆಹಿಡಿಯುವ ಔಷಧಗಳಿವೆ. ಸ್ತ್ರೀರೋಗ ತಜ್ಞರು ನೋಡಿ, ರಕ್ತದೊತ್ತಡ ಮೊದಲಾದವನ್ನು ಪರೀಕ್ಷಿಸಿ ಕೊಡಬೇಕಾದ ಔಷಧಗಳವು. ಹಬ್ಬಕ್ಕೆಂದು ಅಂಗಡಿಯಿಂದ ತಂದು ನುಂಗುವ ಮಾತ್ರೆಗಳಂತೆ ತಿಂಗಳುಗಟ್ಟಲೆ ತಾವೇ ತೆಗೆದುಕೊಳ್ಳಬಾರದು. ವಯಸ್ಕರಾಗಿ, ತಜ್ಞರ ಸಲಹೆಯಂತೆ ಟೆಸ್ಟೋಸ್ಟಿರೋನ್ ತೆಗೆದುಕೊಳ್ಳುವವರಲ್ಲಿ ಸಾಮಾನ್ಯವಾಗಿ ಆರು ತಿಂಗಳೊಳಗೆ ಮುಟ್ಟು ನಿಲ್ಲುತ್ತದೆ. ಅದರ ಜೊತೆಗೆ ಯೋನಿಯ ಪದರ ತೆಳುವಾಗಿ ಒಣಗುತ್ತದೆ. ಉರಿ, ಬಿರುಕು, ಮೂತ್ರದ ಸೋಂಕು ಬರಬಹುದು. ಇದಕ್ಕೆ ಹೊರಗಿನಿಂದ ಹಚ್ಚುವ ಮದ್ದಿದೆ, ಸಹಿಸಿಕೊಂಡು ಕೂರಬೇಕಿಲ್ಲ. ಟೆಸ್ಟೋಸ್ಟಿರೋನ್ ಗರ್ಭನಿರೋಧಕವಲ್ಲ. ಮುಟ್ಟು ನಿಂತು ಬಹಳ ದಿನಗಳಾದ ಮೇಲೆ ಮತ್ತೆ ರಕ್ತ ಕಂಡರೆ ವೈದ್ಯರಿಗೆ ತಿಳಿಸಿ. ಗರ್ಭಕೋಶ ಇರುವವರೆಗೆ, ಮೂವತ್ತು ದಾಟಿದ ಮೇಲೆ, ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆ ಅವರಿಗೂ ಬೇಕು. ಮೀಸೆ ಬಂದಿದೆಯೆಂದು ಗರ್ಭಕೊರಳು ಸುಮ್ಮನಿರುವುದಿಲ್ಲ.

ಎದೆಯನ್ನು ಸಮತಟ್ಟಾಗಿ ಕಾಣಿಸಲು ಕಟ್ಟುವವರಿದ್ದಾರೆ. ಉಳುಕಿಗೆ ಸುತ್ತುವ ಎಲಾಸ್ಟಿಕ್ ಬ್ಯಾಂಡೇಜು, ಅಂಟುಪಟ್ಟಿ ಬೇಡವೇ ಬೇಡ. ಉಸಿರಾಡುವಾಗ ಅವು ಇನ್ನಷ್ಟು ಬಿಗಿದು ಪಕ್ಕೆಲುಬಿಗೆ ಪೆಟ್ಟು ಮಾಡುತ್ತವೆ. ಅಳತೆಗೆ ಸರಿಯಾದ ಬಿಗಿ ಒಳಅಂಗಿಯನ್ನು ದಿನಕ್ಕೆ ಎಂಟು ಗಂಟೆ ಮೀರದಂತೆ ತೊಟ್ಟು, ಮಲಗುವಾಗ ತೆಗೆಯಬೇಕು. ಎದೆಯ ಕೆಳಗಿನ ಮಡಿಕೆಯನ್ನು ತೊಳೆದು ಒಣಗಿಸದಿದ್ದರೆ ಅಲ್ಲಿಯೂ ತೊಡೆಸಂದಿನಂತೆಯೇ ಹುಳುಕಡ್ಡಿ ಏಳುತ್ತದೆ.

ಹೆಣ್ಣು ಮನಸ್ಸು, ಗಂಡು ದೇಹ

ಗಂಡು ದೇಹದಲ್ಲಿ ಹುಟ್ಟಿ ಹೆಣ್ಣಾಗಿ ಬಾಳುವವರಲ್ಲಿ ಮುಖ್ಯ ತೊಂದರೆ ಮುಂದೊಗಲಿನ ಕೆಳಗೆ. ಅಲ್ಲಿ ಬಿಳಿಯ ಮಂಡಿ ಶೇಖರವಾಗುತ್ತದೆ. ವಾರಗಟ್ಟಲೆ ತೊಳೆಯದಿದ್ದರೆ ತುದಿ ಕೆಂಪಾಗಿ, ಊದಿ, ಉರಿಯುತ್ತದೆ. ಸ್ನಾನದಲ್ಲಿ ಮುಂದೊಗಲನ್ನು ಮೆಲ್ಲನೆ ಎಷ್ಟು ಸರಿಯುವುದೋ ಅಷ್ಟೇ ಹಿಂದಕ್ಕೆ ಸರಿಸಿ, ಬರಿಯ ನೀರು ಹರಿಸಿ, ಒರೆಸಿ, ಮತ್ತೆ ಮುಂದಕ್ಕೆ ತರಬೇಕು. ಮುಂದಕ್ಕೆ ತರುವುದನ್ನು ಮರೆತರೆ ಊದಿಕೊಂಡು ಸಿಕ್ಕಿಬೀಳುತ್ತದೆ, ಆಗ ಆಸ್ಪತ್ರೆಗೆ ಓಡಬೇಕಾಗುತ್ತದೆ. ಚಿಕ್ಕ ಮಕ್ಕಳಲ್ಲಿ ಅದು ಸರಿಯದಿರುವುದು ಸಹಜ, ಬಲವಂತ ಮಾಡಬಾರದು. ದೊಡ್ಡವರಲ್ಲಿ ಪದೇ ಪದೇ ಸೋಂಕಾಗುತ್ತಿದ್ದರೆ ರಕ್ತದ ಸಕ್ಕರೆ ಪರೀಕ್ಷೆ ಮಾಡಿಸಿ. ಸಕ್ಕರೆ ಕಾಯಿಲೆಯ ಮೊದಲ ಸುಳಿವು ಎಷ್ಟೋ ಸಲ ಇಲ್ಲಿಯೇ ಸಿಗುತ್ತದೆ.

ಬಟ್ಟೆಯಲ್ಲಿ ಉಬ್ಬು ಕಾಣದಿರಲೆಂದು ಅಂಗವನ್ನು ತೊಡೆಗಳ ನಡುವೆ ಹಿಂದಕ್ಕೆ ಮಡಚಿ ಬಿಗಿಯುವ ಅಭ್ಯಾಸ ಹಲವರಿಗಿದೆ. ಬಿಡಿ ಎಂದರೆ ಬಿಡುವವರಲ್ಲ, ಬಿಟ್ಟರೆ ಮನೆಯಿಂದ ಹೊರಗೇ ಬರಲಾಗದವರಿದ್ದಾರೆ. ಹಾಗಾಗಿ ಹೇಗೆ ಮಾಡಿದರೆ ಅಪಾಯ ಕಡಿಮೆ ಎಂದು ಹೇಳುವುದು ಮೇಲು. ಪ್ಯಾಕಿಂಗ್ ಟೇಪು ಕೂಡದು, ಚರ್ಮವೇ ಕಿತ್ತುಬರುತ್ತದೆ. ಹಿಗ್ಗುವ ಹತ್ತಿಯ ಬಿಗಿ ಚಡ್ಡಿ ಸಾಕು. ಮೊದಲು ಮೂತ್ರ ಮಾಡಿ ಒಣಗಿಸಿಕೊಳ್ಳಬೇಕು; ಕೆಲವು ಗಂಟೆಗಳಿಗೊಮ್ಮೆ ಸಡಿಲಿಸಬೇಕು; ರಾತ್ರಿ ಬೇಡ. ಮೂತ್ರದ್ವಾರ ಗುದದ್ವಾರದ ಸಮೀಪಕ್ಕೆ ಬರುವುದರಿಂದ ಮೂತ್ರದ ಸೋಂಕಿನ ಸಂಭವ ಹೆಚ್ಚು. ವೃಷಣದಲ್ಲಿ ಹಠಾತ್ತನೆ ತೀವ್ರ ನೋವು, ವಾಂತಿ ಬಂದರೆ ಅದು ತಿರುಚಿಕೊಂಡಿರಬಹುದು. ಆರು ಗಂಟೆಯೊಳಗೆ ಶಸ್ತ್ರಚಿಕಿತ್ಸೆ ಆಗದಿದ್ದರೆ ಉಳಿಯುವುದು ಕಷ್ಟ. ಅಂಥ ಹೊತ್ತಿನಲ್ಲಿ ಚನ್ನರಾಯಪಟ್ಟಣದಿಂದ ಹಾಸನಕ್ಕೆ ಬೆಳಗಿನ ಬಸ್ಸಿಗೆ ಕಾಯಬೇಡಿ, 108ಕ್ಕೆ ಕರೆ ಮಾಡಿ.

ಸಮುದಾಯದೊಳಗೆ ‘ನಿರ್ವಾಣ’ ಎಂದು ಕರೆಯುವ ಅಂಗಚ್ಛೇದನ ಮಾಡಿಸಿಕೊಂಡವರಲ್ಲಿ, ಅದರಲ್ಲೂ ವೈದ್ಯರಲ್ಲದವರಿಂದ ಮಾಡಿಸಿಕೊಂಡವರಲ್ಲಿ, ವರ್ಷಗಳ ಮೇಲೆ ಮೂತ್ರದ್ವಾರ ಕಿರಿದಾಗುತ್ತ ಹೋಗುವುದುಂಟು. ಧಾರೆ ಸಣ್ಣಗಾಗಿದ್ದರೆ, ತಿಣುಕಬೇಕಾಗಿದ್ದರೆ ಮೂತ್ರರೋಗ ತಜ್ಞರು ಅದನ್ನು ಹಿಗ್ಗಿಸಿಕೊಡುತ್ತಾರೆ. ತಡಮಾಡಿದರೆ ಮೂತ್ರಪಿಂಡಕ್ಕೇ ಕುತ್ತು. ಆಸ್ಪತ್ರೆಯಲ್ಲಿ ಯೋನಿ ರಚನೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಿಗೆ ಮೇಲೆ ಹೇಳಿದ ‘ಒಳಗೆ ತೊಳೆಯಬೇಡಿ’ ಎಂಬ ಮಾತು ಅನ್ವಯಿಸುವುದಿಲ್ಲ. ಚರ್ಮದಿಂದ ಮಾಡಿದ ಆ ಭಾಗ ತನ್ನನ್ನು ತಾನೇ ಶುಚಿ ಮಾಡಿಕೊಳ್ಳಲಾರದು. ಶಸ್ತ್ರವೈದ್ಯರು ಹೇಳಿಕೊಟ್ಟ ಕ್ರಮವನ್ನೇ ಪಾಲಿಸಬೇಕು.

ಇನ್ನೊಂದು ಮಾತು. ಹೆಣ್ತನ ಬರಲೆಂದು ಔಷಧದಂಗಡಿಯಿಂದ ಗರ್ಭನಿರೋಧಕ ಮಾತ್ರೆಗಳನ್ನು ತಂದು ದಿನಕ್ಕೆ ಮೂರು ನಾಲ್ಕು ನುಂಗುವ ಹುಡುಗರಿದ್ದಾರೆ. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ, ಆ ಗಡ್ಡೆ ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಸಂಚಕಾರ.

ನೀರು ಕುಡಿಯದ ಮಕ್ಕಳು

ಅರಕಲಗೂಡಿನಿಂದಲೋ ಹೊಳೆನರಸೀಪುರದಿಂದಲೋ ಹಾಸನದ ಕಾಲೇಜಿಗೆ ಬರುವ ವಿದ್ಯಾರ್ಥಿ ಬೆಳಿಗ್ಗೆ ಏಳಕ್ಕೆ ಬಸ್ಸು ಹತ್ತಿದರೆ ಮನೆ ಸೇರುವುದು ಸಂಜೆ ಆರಕ್ಕೆ. ಗಂಡಸರ ಶೌಚಾಲಯಕ್ಕೆ ಹೋದರೆ ಗೇಲಿ, ಹೆಂಗಸರದಕ್ಕೆ ಹೋದರೆ ಗಲಾಟೆ. ಪರಿಹಾರವೆಂದು ಅವರು ಕಂಡುಕೊಂಡಿರುವುದು ನೀರು ಕುಡಿಯದಿರುವುದು. ಹನ್ನೊಂದು ಗಂಟೆ ಕಾಲ ಮೂತ್ರ ಕಟ್ಟಿಕೊಂಡವರಿಗೆ ಉರಿಮೂತ್ರ, ಸೋಂಕು, ಕಲ್ಲು ಒಂದರ ಹಿಂದೆ ಒಂದು ಬರುತ್ತವೆ. ಇದು ಮಕ್ಕಳ ತಪ್ಪಲ್ಲ. ಸ್ವಚ್ಛ ಭಾರತ ಅಭಿಯಾನದಡಿ ಕೇಂದ್ರ ಸರ್ಕಾರ 2017ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲೇ ಇವರು ತಮಗೆ ಒಪ್ಪುವ ಶೌಚಾಲಯ ಬಳಸಲು ಅವಕಾಶ ಕೊಡಬೇಕೆಂದಿತ್ತು. ಪ್ರಾಂಶುಪಾಲರು ಸಿಬ್ಬಂದಿಯ ಶೌಚಾಲಯದ ಒಂದು ಬೀಗದ ಕೈ ಕೊಟ್ಟರೆ ಸಮಸ್ಯೆ ಅರ್ಧ ಕಳೆಯುತ್ತದೆ. ಇದಕ್ಕೆ ಕಟ್ಟಡ ಬೇಡ, ಅನುದಾನವೂ ಬೇಡ. ಪೋಷಕರು ಹೋಗಿ ಕೇಳಬೇಕು, ಮಗುವಿನ ಒಪ್ಪಿಗೆ ಪಡೆದ ಮೇಲೆ.

ಆ ಟ್ಯೂಬು ಬಿಸಾಡಿ

ತೊಡೆಸಂದಿನ ತುರಿಕೆಗೆ ನಮ್ಮಲ್ಲಿ ಎಲ್ಲರೂ ಮಾಡುವ ತಪ್ಪನ್ನು ಇವರು ಇನ್ನೂ ಹೆಚ್ಚಾಗಿ ಮಾಡುತ್ತಾರೆ, ಏಕೆಂದರೆ ಇವರಿಗೆ ವೈದ್ಯರೆದುರು ಬಟ್ಟೆ ಬಿಚ್ಚುವುದೇ ಬೇಡ. ಅಂಗಡಿಯವರು ಕೊಡುವ, ಮೂರು ನಾಲ್ಕು ಔಷಧ ಬೆರೆಸಿದ ಕ್ರೀಮಿನಲ್ಲಿ ಪ್ರಬಲ ಸ್ಟಿರಾಯ್ಡ್ ಇರುತ್ತದೆ. ಹಚ್ಚಿದ ಎರಡು ದಿನಕ್ಕೆ ತುರಿಕೆ ನಿಲ್ಲುತ್ತದೆ, ಹುಳುಕಡ್ಡಿ ಮಾತ್ರ ಒಳಗೇ ಹಬ್ಬುತ್ತದೆ. ಚರ್ಮ ತೆಳುವಾಗಿ, ಸೀಳು ಬಿದ್ದು ಬಿಳಿಗೆರೆಗಳು ಶಾಶ್ವತವಾಗಿ ಉಳಿಯುತ್ತವೆ. 2018ರಲ್ಲಿ ಸರ್ಕಾರ ಇಂಥ ಸ್ಟಿರಾಯ್ಡ್ ಲೇಪನಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿದರೂ ಮಾರಾಟ ನಡೆದೇ ಇದೆ. ಸರಿಯಾದ ಶಿಲೀಂಧ್ರ ನಿವಾರಕವನ್ನು ತುರಿಕೆ ನಿಂತ ಮೇಲೂ ವಾರಗಟ್ಟಲೆ ಮುಂದುವರಿಸಬೇಕು. ಟವೆಲ್ ಹಂಚಿಕೊಳ್ಳಬಾರದು, ಒದ್ದೆ ಜೀನ್ಸ್ ತೊಡಬಾರದು. ಕೂದಲನ್ನು ಬ್ಲೇಡಿನಿಂದ ಬೋಳಿಸದೆ ಕತ್ತರಿಯಿಂದ ಗಿಡ್ಡ ಮಾಡಿದರೆ ಸಾಕು.

ಎಲ್ಲಿಗೆ ಹೋಗಬೇಕು?

ಜ್ವರದೊಡನೆ ಉರಿಮೂತ್ರ, ಹುಣ್ಣು, ಕೀವು, ವಾಸನೆಯ ಸ್ರಾವ, ತೊಡೆಸಂದಿನಲ್ಲಿ ಗಂಟು ಇವು ಮನೆಮದ್ದಿನ ವಿಷಯಗಳಲ್ಲ. ನಾಲ್ಕೂ ಊರುಗಳಲ್ಲಿ ಸರ್ಕಾರಿ ಆಸ್ಪತ್ರೆಗಳಿವೆ. ಹಾಸನದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆಯಲ್ಲಿ ಚರ್ಮರೋಗ, ಸ್ತ್ರೀರೋಗ, ಮನೋವೈದ್ಯ ವಿಭಾಗಗಳು ಒಂದೇ ಆವರಣದಲ್ಲಿ ಸಿಗುತ್ತವೆ. ಹದಿಹರೆಯದವರಿಗಾಗಿ ‘ಸ್ನೇಹ ಕ್ಲಿನಿಕ್’, ಲೈಂಗಿಕ ಸೋಂಕುಗಳಿಗಾಗಿ ‘ಸುರಕ್ಷಾ ಕ್ಲಿನಿಕ್’ ಎಂಬ ಫಲಕವನ್ನು ಹುಡುಕಿ. ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ದಿನ ಯಾವುದೆಂದು ವಿಚಾರಿಸಿ. ಮಗು ಸಾಯುವ ಮಾತಾಡಿದರೆ, ಕೈ ಕುಯ್ದುಕೊಂಡರೆ, ಆ ಅಂಗವನ್ನೇ ಕತ್ತರಿಸಿಕೊಳ್ಳುತ್ತೇನೆ ಎಂದರೆ ಅದನ್ನು ನಾಟಕವೆಂದು ತಿಳಿಯದೆ ಅಂದೇ ಕರೆದೊಯ್ಯಿರಿ, ಒಂಟಿಯಾಗಿ ಬಿಡಬೇಡಿ. ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಹೊರಡುವ ಮುನ್ನ ಒಂದು ಕೆಲಸ ಮಾಡಿ. ಏನು ತೊಂದರೆ, ಎಷ್ಟು ದಿನದಿಂದ, ತನ್ನನ್ನು ಯಾವ ಹೆಸರಿನಿಂದ ಕರೆಯಬೇಕು, ಎಲ್ಲಿ ಮುಟ್ಟುವ ಮೊದಲು ಹೇಳಿ ಮುಟ್ಟಬೇಕು ಎಂಬುದನ್ನು ಒಂದು ಚೀಟಿಯಲ್ಲಿ ಬರೆಯಲು ಮಗುವಿಗೆ ಹೇಳಿ. ಹೊರರೋಗಿ ವಿಭಾಗದ ಗದ್ದಲದಲ್ಲಿ ಬಾಯಿಬಿಟ್ಟು ಹೇಳಲಾಗದ್ದನ್ನು ಆ ಚೀಟಿ ಹೇಳುತ್ತದೆ. ಪರೀಕ್ಷೆಯ ಹೊತ್ತಿನಲ್ಲಿ ಅಂಗಿ ತೆಗೆಯದೆ ಬೇಕಾದ ಭಾಗವನ್ನಷ್ಟೇ ಸರಿಸಿ ತೋರಿಸಬಹುದೇ ಎಂದು ಕೇಳುವುದರಲ್ಲಿ ತಪ್ಪಿಲ್ಲ. ಹದಿನೆಂಟು ತುಂಬದವರಾದರೆ ನಿಮ್ಮ ಒಪ್ಪಿಗೆಯನ್ನು ವೈದ್ಯರು ಕೇಳುತ್ತಾರೆ, ಕೊಡಿ. ಪರದೆಯ ಒಳಗೆ ಜೊತೆಗೆ ಯಾರಿರಬೇಕು, ಅಮ್ಮನೋ ಅಪ್ಪನೋ ನರ್ಸೋ ಎಂಬುದನ್ನು ಮಾತ್ರ ಮಗುವೇ ಹೇಳಲಿ. ನಿಮ್ಮನ್ನು ಬೇಡವೆಂದರೆ ಹೊರಗಿನ ಬೆಂಚಿನ ಮೇಲೆ ಕುಳಿತಿರಿ.